ಮನೆ ಪುಡಿ ವ್ಯಾಪಾರಕ್ಕೆ ಎಐ ಟೂಲ್‌ನಲ್ಲಿ ಲೋಗೋ ಮಾಡಿದ್ದೇನೆ, ಇದನ್ನೇ ಪ್ರಿಂಟ್‌ಗೆ ಕೊಡಬಹುದಾ?

ಸಾರಿನಪುಡಿ_ಶ್ರೀನಗರ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನಮ್ಮ ಅತ್ತೆ ಎರಡು ವರ್ಷದಿಂದ ಮನೆಯಲ್ಲೇ ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ ಮಾಡಿ ಮಾರುತ್ತಿದ್ದೇವೆ. ಶ್ರೀನಗರ, ಹನುಮಂತನಗರ, ಬಸವನಗುಡಿ ಕಡೆ ಸುಮಾರು 80 ಮನೆಗೆ ತಿಂಗಳು ತಿಂಗಳು ಹೋಗುತ್ತದೆ. ಇಲ್ಲಿಯವರೆಗೆ ಲೇಬಲ್ ಎಂದರೆ ಅತ್ತೆ ಸ್ಕೆಚ್ ಪೆನ್ನಲ್ಲಿ ಬರೆದದ್ದು. "ಹುಳಿಪುಡಿ, ಖಾರ ಕಮ್ಮಿ" ಅಂತ ಬರೆದು ಕೆಳಗೆ ತಾರೀಕು. ಈಗ ಗಾಂಧಿ ಬಜಾರಿನ ಎರಡು ಅಂಗಡಿಯವರು ನಮ್ಮ ಪುಡಿ ಇಟ್ಟುಕೊಳ್ಳುತ್ತೇವೆ ಎಂದಿದ್ದಾರೆ, ಆದರೆ ಸರಿಯಾದ ಲೇಬಲ್ ಇರಬೇಕಂತೆ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಆಗಿದೆ. ಬಾಕಿ ಇರುವುದು ಲೋಗೋ.

ಒಬ್ಬ ಡಿಸೈನರ್ ಹತ್ತಿರ ಕೇಳಿದೆ. ಲೋಗೋ, ಬಣ್ಣ, ಲೇಬಲ್, ಪೂರ್ತಿ ಬ್ರ್ಯಾಂಡ್ ಎಲ್ಲಾ ಸೇರಿ 25 ಸಾವಿರ ಎಂದರು. ಅವರ ಕೆಲಸಕ್ಕೆ ಅದು ನ್ಯಾಯವಾದ ಬೆಲೆಯೇ ಇರಬಹುದು, ಆದರೆ ನಮ್ಮ ಎರಡು ತಿಂಗಳ ಲಾಭ ಅದು. ಅದಕ್ಕೇ ಆನ್‌ಲೈನ್‌ನಲ್ಲಿ ತಾನಾಗೇ ಲೋಗೋ ಮಾಡಿಕೊಡುವ ಒಂದು ಟೂಲ್‌ನಲ್ಲಿ ಕೂತೆ. ಹೆಸರು ಹಾಕಿ, ಮಸಾಲೆ ವ್ಯಾಪಾರ ಎಂದು ಆರಿಸಿ, ಇಷ್ಟದ ಬಣ್ಣ ಒತ್ತಿದರೆ ಒಂದೇ ನಿಮಿಷದಲ್ಲಿ 40-50 ಲೋಗೋ ಬಂತು! ಒಂದು ತುಂಬಾ ಇಷ್ಟವಾಯಿತು. ಒಂದು ಒರಳು, ಅದರ ಮೇಲೆ ಎರಡು ಹಸಿರು ಎಲೆ, ಸುತ್ತ ಒಂದು ವೃತ್ತ. ಕೆಳಗೆ ಇಂಗ್ಲಿಷಿನಲ್ಲಿ ನಮ್ಮ ಹೆಸರು.

ಕಷ್ಟ ಶುರುವಾಗಿದ್ದು ಕನ್ನಡ ಬೇಕು ಎಂದಾಗ. ಹೆಸರು ಪೂರ್ತಿ ಹೇಳುವುದಿಲ್ಲ, ಟ್ರೇಡ್‌ಮಾರ್ಕ್ ಇನ್ನೂ ಹಾಕಿಲ್ಲ, ಆದರೆ ಅದರಲ್ಲಿ "ಅಜ್ಜಿ" ಅನ್ನುವ ಪದ ಇದೆ. ಟೂಲ್‌ನಲ್ಲಿ ಕನ್ನಡ ಟೈಪ್ ಮಾಡಿದರೆ ಎಲ್ಲಾ ಡಬ್ಬಿ ಡಬ್ಬಿ ಬಂತು. ಆಮೇಲೆ ಚಿತ್ರ ಬರೆಯುವ ಎಐ ಹತ್ತಿರ ಹೋದೆ. ಅದು ಅಕ್ಷರ ಬರೆಯಿತು, ಆದರೆ ಜಿ ಕೆಳಗೆ ಜ ಒತ್ತು ಇರಬೇಕಾದ ಜಾಗದಲ್ಲಿ ಯಾವುದೋ ಒಂದು ಸುಳಿ. ಹತ್ತು ಸಲ ಹೇಳಿದರೂ ಹತ್ತು ಥರ ತಪ್ಪು. ದೂರದಿಂದ ನೋಡಿದರೆ ಕನ್ನಡ, ಹತ್ತಿರ ಹೋದರೆ ಯಾವ ಭಾಷೆಯೂ ಅಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, "ಇದು ಅಜ್ಜಿ ಅಲ್ಲಮ್ಮಾ, ಅತ್ತಿ ಇದ್ದ ಹಾಗಿದೆ" ಎಂದರು.

ನನ್ನ ಪ್ರಶ್ನೆ ಇಷ್ಟೇ. ಆ ಒರಳಿನ ಲೋಗೋ ದುಡ್ಡು ಕೊಟ್ಟು ಇಳಿಸಿಕೊಂಡು, ಕನ್ನಡ ಹೆಸರನ್ನು ಬೇರೆ ಕಡೆ ಟೈಪ್ ಮಾಡಿ ಅಂಟಿಸಿ, ಸೀದಾ ಸ್ಟಿಕ್ಕರ್ ಪ್ರಿಂಟ್‌ಗೆ ಕೊಡಬಹುದಾ? ಮುಂದೆ ಏನಾದರೂ ತೊಂದರೆ ಇದೆಯಾ? ಇದನ್ನೆಲ್ಲ ಮಾಡಿದವರು ಇದ್ದರೆ ದಯವಿಟ್ಟು ಹೇಳಿ. ದೀಪಾವಳಿಯೊಳಗೆ ಅಂಗಡಿಗೆ ಕೊಡಬೇಕು.

ಪ್ರೆಸ್_ಸುಲ್ತಾನ್‌ಪೇಟೆ

ಮೇಡಂ, ನಾನು 19 ವರ್ಷದಿಂದ ಪ್ರಿಂಟಿಂಗ್‌ನಲ್ಲಿ ಇದ್ದೇನೆ. ನೀವು ಹೇಳಿದ ಒರಳು, ಎರಡು ಎಲೆ, ವೃತ್ತ ನನಗೆ ಚೆನ್ನಾಗಿ ಗೊತ್ತು. ನಿಮ್ಮದು ನೋಡದೆಯೇ ಹೇಳುತ್ತಿದ್ದೇನೆ. ಈ ವರ್ಷವೇ ಒಬ್ಬರು ಗಾಣದ ಎಣ್ಣೆಯವರಿಗೆ, ಒಬ್ಬರು ಕಷಾಯದ ಪುಡಿಯವರಿಗೆ, ಇನ್ನೊಬ್ಬರು ಉಪ್ಪಿನಕಾಯಿಯವರಿಗೆ ಅದೇ ಒರಳು ಹಾಕಿ ಸ್ಟಿಕ್ಕರ್ ಮಾಡಿಕೊಟ್ಟಿದ್ದೇನೆ. ಬಣ್ಣ ಬೇರೆ, ಅಷ್ಟೆ. ಅವರಲ್ಲಿ ಯಾರೂ ಇನ್ನೊಬ್ಬರದ್ದು ನೋಡಿ ಮಾಡಿದವರಲ್ಲ, ಎಲ್ಲರೂ ಮಸಾಲೆ, ಆಯುರ್ವೇದ, ನ್ಯಾಚುರಲ್ ಎಂದು ಒತ್ತಿದ್ದಾರೆ, ಟೂಲ್ ತನ್ನ ಪೆಟ್ಟಿಗೆಯಲ್ಲಿದ್ದ ಒಂದೇ ಒರಳನ್ನು ಎಲ್ಲರಿಗೂ ಎತ್ತಿ ಕೊಟ್ಟಿದೆ. ಗಾಂಧಿ ಬಜಾರಿನ ಅಂಗಡಿಯ ಒಂದೇ ಶೆಲ್ಫಿನಲ್ಲಿ ನಿಮ್ಮ ಒರಳು, ಅವರ ಒರಳು ಪಕ್ಕಪಕ್ಕ ಕೂತರೆ ಗಿರಾಕಿ ಎರಡೂ ಒಂದೇ ಕಂಪನಿ ಎಂದುಕೊಳ್ಳುತ್ತಾರೆ. ಗೂಗಲ್ ಲೆನ್ಸ್‌ನಲ್ಲಿ ಆ ಚಿತ್ರ ಹಾಕಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಈಗ ಪ್ರಿಂಟ್ ವಿಷಯ. ಜಾಸ್ತಿ ಜನ ಬರುವುದು ಪಿಎನ್‌ಜಿ ಫೈಲ್ ಹಿಡಿದುಕೊಂಡು, ಅದೂ ವಾಟ್ಸಾಪ್‌ನಲ್ಲಿ ಬಂದಿದ್ದು. ಟೂಲ್‌ನ ಉಚಿತ ಫೈಲ್ ಎಷ್ಟೋ ಸಲ 500 ಪಿಕ್ಸೆಲ್ ಅಗಲ ಇರುತ್ತದೆ. ಪ್ರಿಂಟ್‌ಗೆ ಇಂಚಿಗೆ 300 ಚುಕ್ಕೆ ಬೇಕು, ಅಂದರೆ ಅದು 4 ಸೆಂಟಿಮೀಟರ್ ದಾಟಿದರೆ ಅಂಚು ಮಸುಕು. ಸ್ಟಿಕ್ಕರ್‌ಗೆ ಹೇಗೋ ಆಗುತ್ತದೆ. ನಾಳೆ ಅಂಗಡಿ ಬೋರ್ಡು 8 ಅಡಿ ಮಾಡಿಸಬೇಕು ಎಂದರೆ? ಎಸ್‌ವಿಜಿ ಅಥವಾ ವೆಕ್ಟರ್ ಪಿಡಿಎಫ್, ಅಂದರೆ ಚುಕ್ಕೆಯ ಬದಲು ಗೆರೆ, ಆಕಾರವಾಗಿ ಉಳಿಯುವ ಫೈಲ್, ಬೇಕೇ ಬೇಕು. ಅದನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದು. ಚಿತ್ರ ಬರೆಯುವ ಎಐ ಸಾಮಾನ್ಯವಾಗಿ ಕೊಡುವುದು ಪಿಕ್ಸೆಲ್ ಚಿತ್ರ, ಅದನ್ನು ಯಾರಾದರೂ ಕೂತು ಮತ್ತೆ ಗೆರೆ ಎಳೆದು ಬರೆಯಬೇಕು. ನಮ್ಮಲ್ಲಿ ಆ ಕೆಲಸಕ್ಕೆ ಹುಡುಗರು ಇದ್ದಾರೆ, ಆದರೆ ಅಡ್ಡಾದಿಡ್ಡಿ ಮಾಡಿದರೆ ಒರಳು ಬಕೆಟ್ ಆಗಿಬಿಡುತ್ತದೆ.

ಬಣ್ಣ: ಫೋನಿನಲ್ಲಿ ಕಾಣುವ ಆ ಹೊಳೆಯುವ ಗಿಳಿ ಹಸಿರು ಕಾಗದದ ಮೇಲೆ ಬರುವುದಿಲ್ಲ. ಫೋನಿನದು ಬೆಳಕು, ನಮ್ಮದು ಇಂಕು. ನಾಲ್ಕು ಇಂಕು ಬೆರೆಸಿ ಮಾಡುವ ಹಸಿರು ಸ್ವಲ್ಪ ಮಂಕೇ. ಪ್ರೂಫ್, ಅಂದರೆ ಮಾದರಿ ಪ್ರಿಂಟ್, ನೋಡದೆ ಸಾವಿರ ಸ್ಟಿಕ್ಕರ್‌ಗೆ ಒಪ್ಪಿಗೆ ಕೊಡಬೇಡಿ.

ಇನ್ನೊಂದು, ಒಂದೇ ಬಣ್ಣದಲ್ಲಿ ನಿಮ್ಮ ಲೋಗೋ ನಿಲ್ಲುತ್ತದಾ ನೋಡಿ. ಕಾಗದದ ಚೀಲಕ್ಕೆ ರಬ್ಬರ್ ಸ್ಟ್ಯಾಂಪ್ ಹೊಡೆಯುತ್ತೀರಿ, ಬಟ್ಟೆ ಚೀಲಕ್ಕೆ ಸ್ಕ್ರೀನ್ ಪ್ರಿಂಟ್ ಮಾಡಿಸುತ್ತೀರಿ. ಸ್ಕ್ರೀನ್ ಪ್ರಿಂಟ್‌ನಲ್ಲಿ ಬಣ್ಣಕ್ಕೊಂದು ಸ್ಕ್ರೀನ್, ಬಣ್ಣ ಹೆಚ್ಚಾದಷ್ಟೂ ಖರ್ಚು. ಟೂಲ್ ಕೊಡುವ ತಿಳಿಯಿಂದ ಗಾಢಕ್ಕೆ ಹೋಗುವ ಬಣ್ಣ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಪೌಚ್ ಮೇಲೇ ಪ್ರಿಂಟ್ ಮಾಡಿಸುವ ಯೋಚನೆ ಸದ್ಯಕ್ಕೆ ಬಿಡಿ. ಅದಕ್ಕೆ ಬಣ್ಣಕ್ಕೊಂದು ಸಿಲಿಂಡರ್ ಮಾಡಿಸಬೇಕು, ತುಂಬಾ ದೊಡ್ಡ ಆರ್ಡರ್ ಇದ್ದರೆ ಮಾತ್ರ ಗಿಟ್ಟುತ್ತದೆ. ಖಾಲಿ ಪೌಚ್ ತಂದು ಸ್ಟಿಕ್ಕರ್ ಅಂಟಿಸಿ, ಸಾಕು.

ಕನ್ನಡ ಹೆಸರನ್ನು ಯಾರಿಂದಲೇ ಮಾಡಿಸಿ, ಪ್ರೆಸ್‌ಗೆ ಕೊಡುವ ಮುಂಚೆ ಕರ್ವ್ಸ್ ಮಾಡಿ ಕೊಡಿ. ಅಂದರೆ ಅಕ್ಷರ ಟೈಪ್ ಆಗಿ ಉಳಿಯದೆ ಆಕಾರ ಆಗಿರಬೇಕು. ಇಲ್ಲದಿದ್ದರೆ ನಿಮ್ಮ ಫಾಂಟ್ ನಮ್ಮ ಕಂಪ್ಯೂಟರ್‌ನಲ್ಲಿ ಇರುವುದಿಲ್ಲ, ಎಷ್ಟೋ ಪ್ರೆಸ್‌ನಲ್ಲಿ ಈಗಲೂ ಹಳೇ ನುಡಿ ಫಾಂಟಿನಲ್ಲೇ ಕೆಲಸ, ಹುಡುಗ ಮತ್ತೆ ಟೈಪ್ ಮಾಡುತ್ತಾನೆ, ಅಲ್ಲೇ ತಪ್ಪು ನುಸುಳುವುದು.

ಕಾಫಿಗಾಡಿ_ರಾಜಾಜಿನಗರ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಟೂಲ್ ಬಗ್ಗೆ ಹೆದರಬೇಡಿ ಅಕ್ಕಾ. ನನ್ನ ಫಿಲ್ಟರ್ ಕಾಫಿ ಗಾಡಿಗೆ ನಾನೂ ಹೀಗೇ ಶುರು ಮಾಡಿದ್ದು. ಮೊದಲ ಮೂರು ಸಂಜೆ ಸುಮ್ನೆ ನೂರಾರು ಲೋಗೋ ನೋಡಿದೆ. ಅದರಿಂದ ಆದ ದೊಡ್ಡ ಉಪಕಾರ ಎಂದರೆ ನನಗೆ ಏನು ಬೇಡ ಎಂಬುದು ಗೊತ್ತಾಯಿತು. ಕಾಫಿ ಬೀಜ ಬೇಡ, ಹೊಗೆಯಾಡುವ ಕಪ್ಪು ಬೇಡ, ಕಂದು ಬಣ್ಣ ಬೇಡ, ಎಲ್ಲರದ್ದೂ ಅದೇ. ಕೊನೆಗೆ ಡಬರಾ ಲೋಟ ಮೇಲಿಂದ ನೋಡಿದರೆ ಕಾಣುವ ಎರಡು ವೃತ್ತ, ಒಂದರೊಳಗೆ ಒಂದು, ಅಷ್ಟೇ ಸಾಕು ಅನಿಸಿತು. ಅದನ್ನು ಒಬ್ಬ ಸ್ಟೂಡೆಂಟ್ ಹುಡುಗಿ ಒಂದೇ ದಿನದಲ್ಲಿ ಬರೆದುಕೊಟ್ಟಳು, ಯಾಕೆಂದರೆ ನಾನು ಅವಳ ಹತ್ತಿರ ಹೋದಾಗ "ಏನೋ ಚೆನ್ನಾಗಿರೋದು ಮಾಡಿ" ಎನ್ನಲಿಲ್ಲ. ಇದು ಬೇಕು, ಇದು ಬೇಡ ಎಂದು ಚಿತ್ರ ಸಮೇತ ತೋರಿಸಿದೆ. 3 ಸಾವಿರ ಕೊಟ್ಟೆ.

ಬಣ್ಣ ಆರಿಸಲೂ ಈ ಟೂಲ್‌ಗಳು ಒಳ್ಳೆಯವು. ಒಂದು ಫೋಟೋ ಹಾಕಿದರೆ ಅದರೊಳಗಿನ ಐದಾರು ಬಣ್ಣ ತೆಗೆದುಕೊಡುತ್ತವೆ. ನಿಮ್ಮ ಪುಡಿಯನ್ನೇ ಬಿಸಿಲಲ್ಲಿ ಇಟ್ಟು ಫೋಟೋ ತೆಗೆದು ಹಾಕಿ ನೋಡಿ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಯಾವ ಕಂಪ್ಯೂಟರ್ ಕೆಂಪಿಗಿಂತಲೂ ಚೆನ್ನಾಗಿದೆ. ಸಿಕ್ಕ ಬಣ್ಣದ ಕೋಡ್ ಬರೆದಿಟ್ಟುಕೊಳ್ಳಿ, ಲೇಬಲ್, ವಾಟ್ಸಾಪ್ ಡಿಪಿ, ಬೋರ್ಡು ಎಲ್ಲಾ ಕಡೆ ಅದೇ ಇರಲಿ. ನಾನು ಬರೆದಿಟ್ಟುಕೊಳ್ಳದೆ ಮೂರು ಕಡೆ ಮೂರು ಬಣ್ಣ ಆಗಿ ಎರಡನೇ ಸಲ ಗಾಡಿಗೆ ಬಣ್ಣ ಹೊಡೆಸಬೇಕಾಯಿತು.

ಟಿಎಂ_ಫೈಲಿಂಗ್

ಟ್ರೇಡ್‌ಮಾರ್ಕ್ ಎಂದಿರಿ, ಅದಕ್ಕೆ ಬಂದೆ. ನನ್ನ ದಿನನಿತ್ಯದ ಕೆಲಸ ಇದೇ.

ಮೊದಲು ಆ ಟೂಲ್‌ನ ಲೈಸೆನ್ಸ್ ಓದಿ. ಆನ್‌ಲೈನ್ ಡಿಸೈನ್ ಟೂಲ್ ಕ್ಯಾನ್ವಾವನ್ನೇ ತೆಗೆದುಕೊಳ್ಳಿ, ಅವರೇ ಸ್ಪಷ್ಟವಾಗಿ ಹೇಳಿದ್ದಾರೆ: ಅವರ ಸಂಗ್ರಹದ ಚಿತ್ರ ಹಾಕಿ ಮಾಡಿದ ಲೋಗೋವನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳುವಂತಿಲ್ಲ, ಯಾಕೆಂದರೆ ಅದೇ ಚಿತ್ರ ಬಳಸುವ ಹಕ್ಕು ಎಲ್ಲರಿಗೂ ಇದೆ. ಫಾಂಟು, ಸರಳ ಗೆರೆ, ಸರಳ ಆಕಾರ ಬಳಸಿ ನೀವೇ ಕಟ್ಟಿದರೆ ಆ ತಕರಾರಿಲ್ಲ. ನಿಮ್ಮ ಟೂಲ್‌ನಲ್ಲೂ ಇಂಥದ್ದೇ ಒಂದು ಸಾಲು ಇದೆಯಾ ಎಂದು ದುಡ್ಡು ಕಟ್ಟುವ ಮುಂಚೆ ನೋಡಿ. ಪ್ರೆಸ್‌ನವರು ಹೇಳಿದ ಒರಳಿನ ಕಥೆ ಕೇಳಿದರೆ ಇದ್ದೇ ಇರುತ್ತದೆ ಅನಿಸುತ್ತದೆ.

ಪೂರ್ತಿ ಎಐ ಬರೆದ ಚಿತ್ರದ ಕಾಪಿರೈಟ್ ಯಾರದ್ದು ಎಂಬುದು ಇನ್ನೊಂದು ಗೋಜಲು. ಅಮೆರಿಕದಲ್ಲಿ 2025ರಲ್ಲಿ ಮೇಲಿನ ಕೋರ್ಟು ಕೂಡ ಮನುಷ್ಯ ಕರ್ತೃ ಇಲ್ಲದ ಕೃತಿಗೆ ಕಾಪಿರೈಟ್ ಇಲ್ಲ ಎಂದಿತು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್‌ನಿಂದ ತಯಾರಾದ ಕೃತಿಗೆ, ಅದು ತಯಾರಾಗಲು ಕಾರಣರಾದ ವ್ಯಕ್ತಿಯೇ ಕರ್ತೃ ಎಂದಿದೆ, ಆದರೆ ಅದನ್ನು ಬರೆದಾಗ ಇಂಥ ಎಐ ಯಾರ ಕಲ್ಪನೆಯಲ್ಲೂ ಇರಲಿಲ್ಲ. ನಿಮ್ಮ ವ್ಯಾಪಾರದ ಗುರುತನ್ನು ಇಂಥ ಗೋಜಲಿನ ಮೇಲೆ ಕೂರಿಸಬೇಡಿ. ಮನುಷ್ಯರೊಬ್ಬರು ಬರೆದುಕೊಡಲಿ, ಹಕ್ಕು ನಿಮ್ಮದು ಎಂದು ಒಂದು ಕಾಗದದಲ್ಲಿ ಬರೆಸಿ ಸಹಿ ತೆಗೆದುಕೊಳ್ಳಿ.

ಫೈಲಿಂಗ್ ಬಗ್ಗೆ: ಟ್ರೇಡ್‌ಮಾರ್ಕ್‌ನಲ್ಲಿ ಸರಕುಗಳನ್ನು ಕ್ಲಾಸ್ ಎಂಬ ವರ್ಗಗಳಾಗಿ ವಿಂಗಡಿಸಿದ್ದಾರೆ, ಮಸಾಲೆ ಪುಡಿ ಬರುವುದು 30ನೇ ಕ್ಲಾಸಿನಲ್ಲಿ. ಉಪ್ಪಿನಕಾಯಿಗೂ ಹೋಗುವ ಯೋಚನೆ ಇದ್ದರೆ 29. ವ್ಯಕ್ತಿ ಅಥವಾ ಸಣ್ಣ ಉದ್ಯಮ ಆನ್‌ಲೈನ್‌ನಲ್ಲಿ ಹಾಕಿದರೆ ಒಂದು ಕ್ಲಾಸಿಗೆ 4,500 ರೂಪಾಯಿ ಸರ್ಕಾರಿ ಶುಲ್ಕ. ಕರ್ನಾಟಕದವರದ್ದು ಚೆನ್ನೈ ಕಚೇರಿಗೆ ಹೋಗುತ್ತದೆ, ಆದರೆ ಎಲ್ಲಾ ಆನ್‌ಲೈನ್, ನೀವು ಹೋಗಬೇಕಿಲ್ಲ. ಪರಿಶೀಲನೆ ಆಗಿ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ 4 ತಿಂಗಳು ಯಾರು ಬೇಕಾದರೂ ತಕರಾರು ಹಾಕಬಹುದು. ನೋಂದಣಿ ಆದರೆ 10 ವರ್ಷಕ್ಕೆ, ಆಮೇಲೆ ನವೀಕರಿಸುತ್ತಾ ಹೋಗಬಹುದು.

ದುಡ್ಡು ಒಂದಕ್ಕೇ ಇದೆ ಎಂದಾದರೆ ಲೋಗೋ ಬಿಟ್ಟು ಹೆಸರನ್ನು ವರ್ಡ್ ಮಾರ್ಕ್ ಆಗಿ, ಅಂದರೆ ಚಿತ್ರವಿಲ್ಲದೆ ಬರೀ ಪದವಾಗಿ, ಹಾಕಿ. ನಾಳೆ ಲೋಗೋ ಬದಲಾಯಿಸಿದರೂ ಹೆಸರು ನಿಮ್ಮದೇ. ಕನ್ನಡ ಲಿಪಿಯಲ್ಲಿ ಹಾಕುವುದಾದರೆ ಅದರ ಉಚ್ಚಾರಣೆ ಮತ್ತು ಅರ್ಥವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಜೊತೆಗೆ ಕೊಡಬೇಕು. "ಅಜ್ಜಿ" ಎಂಬ ಪದ ಒಂದೇ ನಿಮ್ಮದಾಗುವುದು ಕಷ್ಟ, ಪೂರ್ತಿ ಹೆಸರು ಆಗಬಹುದು. ಟ್ರೇಡ್‌ಮಾರ್ಕ್ ಕಚೇರಿಯ ಐಪಿ ಇಂಡಿಯಾ ವೆಬ್‌ಸೈಟಿನ ಪಬ್ಲಿಕ್ ಸರ್ಚ್‌ನಲ್ಲಿ ಉಚ್ಚಾರಣೆ ಆಧಾರದ ಹುಡುಕಾಟವೂ ಇದೆ, ಇವತ್ತೇ ನೋಡಿ. ಅರ್ಜಿ ಹಾಕಿದ ಮೇಲೆ ಹೆಸರಿನ ಪಕ್ಕ ಟಿಎಂ ಎಂದು ಹಾಕಿಕೊಳ್ಳಬಹುದು. ವೃತ್ತದೊಳಗಿನ ಆರ್ ಮಾತ್ರ ನೋಂದಣಿ ಆಗುವ ತನಕ ಬೇಡವೇ ಬೇಡ. ಅದು 1999ರ ಟ್ರೇಡ್‌ಮಾರ್ಕ್ ಕಾಯ್ದೆಗೆ ವಿರುದ್ಧ. ಟೂಲ್‌ಗಳ ಮಾದರಿಯಲ್ಲಿ ಅಂದಕ್ಕೆ ಅದನ್ನೂ ಸೇರಿಸಿರುತ್ತಾರೆ, ಹಾಗೇ ಪ್ರಿಂಟ್ ಮಾಡಿಸಿದವರನ್ನು ನೋಡಿದ್ದೇನೆ.

ಒತ್ತಕ್ಷರ

ನಾನು ಅಕ್ಷರ ಬರೆಯುವವನು. ಹಿಂದೆ ಬೋರ್ಡು ಬರೆಯುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ.

ನಿಮ್ಮ ಅತ್ತೆಯವರ ಕಣ್ಣು ಬಹಳ ಚುರುಕು. ಚಿತ್ರ ಬರೆಯುವ ಎಐ ನಮ್ಮ ಹಾಗೆ ಜ ಬರೆದು, ಗುಡಿಸು ಕೊಟ್ಟು, ಒತ್ತು ಹಾಕುವುದಿಲ್ಲ. ಅದಕ್ಕೆ ಅಕ್ಷರವೂ ಒಂದು ಚಿತ್ರ, ಎಲೆ, ಮೋಡದ ಹಾಗೆ. ಕಲಿತಿದ್ದರಲ್ಲಿ ಇಂಗ್ಲಿಷ್ ರಾಶಿ ರಾಶಿ, ಕನ್ನಡ ಒಂದು ಹಿಡಿ. ಅದಕ್ಕೇ ಆ ಸುಳಿ. ಹತ್ತಲ್ಲ, ನೂರು ಸಲ ಕೇಳಿದರೂ ನಂಬುವ ಹಾಗಿಲ್ಲ. ಹೆಸರನ್ನು ಅದರ ಕೈಯಲ್ಲಿ ಬರೆಸಬೇಡಿ, ಅಷ್ಟೆ.

ಟೈಪ್ ಮಾಡಲು ಒಳ್ಳೆಯ ಫಾಂಟುಗಳು ಉಚಿತವಾಗೇ ಇವೆ. ಗೂಗಲ್ ಫಾಂಟ್ಸ್‌ನಲ್ಲಿ ಬಾಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ, ಬೆಣ್ಣೆ, ಹುಬ್ಬಳ್ಳಿ, ಅಕಾಯಾ ಕನಡಕ ನೋಡಿ. ಇವೆಲ್ಲ ಮುಕ್ತ ಲೈಸೆನ್ಸ್, ವ್ಯಾಪಾರಕ್ಕೆ ಬಳಸಬಹುದು. ಬಾಲೂ ತಮ್ಮ ದಪ್ಪಗೆ ದುಂಡಗೆ ಇರುತ್ತದೆ, ಬೋರ್ಡಿಗೆ ಚೆನ್ನ. ತಿರೋ ಕನ್ನಡದಲ್ಲಿ ಹಳೇ ಅಚ್ಚಿನ ಪುಸ್ತಕದ ಕಳೆ ಇದೆ. ಅನೇಕ್‌ನಲ್ಲಿ ತೆಳುವಿನಿಂದ ದಪ್ಪದವರೆಗೆ ಎಲ್ಲಾ ಇದೆ. ಇಲಸ್ಟ್ರೇಟರ್ ಅಥವಾ ಫೋಟೋಶಾಪ್‌ನಲ್ಲಿ ಮಾಡುವವರಿಗೆ ಒಂದು ಮಾತು, ದಕ್ಷಿಣ ಏಷ್ಯಾ ಭಾಷೆಗಳ ಕಂಪೋಸರ್ ಆನ್ ಮಾಡದಿದ್ದರೆ ಒತ್ತುಗಳು ಕಳಚಿಕೊಂಡು ಪಕ್ಕದಲ್ಲಿ ನಿಲ್ಲುತ್ತವೆ. ಬೆಂಗಳೂರಿನಲ್ಲಿ ಎಷ್ಟು ಬೋರ್ಡು ಹಾಗೆ ಇವೆಯೋ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಈಗ ನಿಜವಾಗಿ ಹೇಳಬೇಕೆಂದಿದ್ದು. ನಿಮಗೆ ಒರಳು ಯಾಕೆ ಬೇಕು? "ಅಜ್ಜಿ" ಎಂದು ಒಂದು ಕಾಗದದ ಮೇಲೆ ದೊಡ್ಡದಾಗಿ ಬರೆದು ಸುಮ್ನೆ ಐದು ನಿಮಿಷ ನೋಡಿ. ಜ ಒತ್ತು ಎಂದರೆ ಪುಟ್ಟ ಜ ನೇ. ತ, ರ, ಮ ಒತ್ತಿನ ಹಾಗೆ ರೂಪ ಬದಲಾಯಿಸಿಕೊಳ್ಳುವುದಿಲ್ಲ. ದೊಡ್ಡ ಜಿ ಮೇಲೆ ಕೂತಿದೆ, ಅದರ ಕಾಲ ಬುಡದಲ್ಲಿ ಅದೇ ಮುಖದ ಪುಟ್ಟ ಜ ಕೂತಿದೆ. ಅಜ್ಜಿ ಹತ್ತಿರ ಮೊಮ್ಮಗು ಕೂತ ಹಾಗೇ ಅಲ್ವಾ? ನಿಮ್ಮ ಲೋಗೋ ಆ ಅಕ್ಷರದೊಳಗೇ ಇದೆ. ಪುಟ್ಟ ಜಗೆ ಮೆಣಸಿನಕಾಯಿ ಕೆಂಪು, ಉಳಿದದ್ದು ಕಪ್ಪೋ ಕಡು ಕಂದೋ. ಒಂದೇ ಬಣ್ಣದಲ್ಲಿ ಸ್ಟ್ಯಾಂಪ್ ಹೊಡೆದರೂ ನಿಲ್ಲುತ್ತದೆ. ಕನ್ನಡ ಬಾರದವರಿಗೂ ಅದು ದೊಡ್ಡದೊಂದು ಚಿಕ್ಕದೊಂದು ಜೋಡಿ ಎಂದು ಕಾಣುತ್ತದೆ.

ಟೂಲ್ ಇದನ್ನು ಯಾವತ್ತೂ ಕೊಡುತ್ತಿರಲಿಲ್ಲ. ಅದು ಕೇಳುವುದು "ನಿಮ್ಮದು ಯಾವ ವ್ಯಾಪಾರ" ಎಂದು. ಮಸಾಲೆ ಎಂದರೆ ಒರಳು, ಸೋಪು ಎಂದರೆ ಗುಳ್ಳೆ. 1916ರಲ್ಲಿ ನಮ್ಮ ಬೆಂಗಳೂರಿನಲ್ಲಿ ಶುರುವಾದ ಸೋಪಿನ ಕಾರ್ಖಾನೆಯ ಗುರುತು ಏನು ನೋಡಿ. ಮೈಸೂರ್ ಸ್ಯಾಂಡಲ್ ಡಬ್ಬಿಯ ಮೇಲೆ ಇರುವುದು ಶರಭ, ಆನೆಯ ತಲೆ, ಸಿಂಹದ ಮೈ. ಸೋಪಿಗೂ ಅದಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಆದರೆ ನೂರು ವರ್ಷದಿಂದ ಅದನ್ನು ನೋಡಿದ ತಕ್ಷಣ ಮೂಗಿಗೆ ಗಂಧದ ವಾಸನೆ ಬರುತ್ತದೆ.

ಇನ್ನೊಂದು ವಿಷಯ. ಈ ಟೂಲ್‌ಗಳ ಅಚ್ಚು ಇಂಗ್ಲಿಷ್ ಅಕ್ಷರಕ್ಕೆ ಮಾಡಿದ್ದು. ಹೆಸರಿನ ಕೆಳಗೆ ಒಂದು ಕೂದಲೆಳೆ ಜಾಗ ಬಿಟ್ಟು ಅಡಿಬರಹ ಹಾಕುತ್ತವೆ. ನಮ್ಮ ಒತ್ತು ಕೆಳಗಿಳಿಯುತ್ತದೆ, ಅಡಿಬರಹದ ತಲೆಗೆ ಹೊಡೆಯುತ್ತದೆ. ಕೆಳಗೆ ಧಾರಾಳ ಜಾಗ ಬಿಡಿ, ಅಥವಾ "ಮನೆ ಹುಳಿಪುಡಿ" ಎಂಬ ಸಾಲನ್ನು ಪಕ್ಕಕ್ಕೆ ತನ್ನಿ. ನಾಳೆ ಅಂಗಡಿ ತೆರೆದರೆ ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು ಎಂಬ ಕಾನೂನು ಹೇಗೂ ಇದೆ, ಈಗಲೇ ಕನ್ನಡದಿಂದ ಶುರು ಮಾಡಿ ಇಂಗ್ಲಿಷನ್ನು ಅದಕ್ಕೆ ಹೊಂದಿಸಿಕೊಳ್ಳಿ. ಉಲ್ಟಾ ಮಾಡಿದರೆ ಕನ್ನಡ ಯಾವಾಗಲೂ ಅಂಟಿಸಿದ ಹಾಗೇ ಕಾಣುತ್ತದೆ.

ಕಾಫಿಗಾಡಿ_ರಾಜಾಜಿನಗರ

ಅಜ್ಜಿ ಮೊಮ್ಮಗು ಓದಿ ಮೈ ಜುಮ್ ಅಂತು ಸರ್. ಅಕ್ಕಾ, ಇದನ್ನೇ ಮಾಡಿ.

ಸಾರಿನಪುಡಿ_ಶ್ರೀನಗರ

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಹತ್ತು ದಿನ ಆಯಿತು, ಏನಾಯಿತು ಎಂದು ಹೇಳಬೇಕಿತ್ತು.

ಲೆನ್ಸ್‌ನಲ್ಲಿ ಒರಳು ಹಾಕಿ ನೋಡಿದೆ. ನಮ್ಮ ಒರಳು ಎಲ್ಲೆಲ್ಲೂ ಇದೆ. ಟೂಲ್‌ನ ಲೈಸೆನ್ಸ್‌ನಲ್ಲೂ ಆ ಸಾಲು ಇತ್ತು, ತುಂಬಾ ಕೆಳಗೆ. ದುಡ್ಡು ಕಟ್ಟಲಿಲ್ಲ. ಹೆಸರನ್ನು ವರ್ಡ್ ಮಾರ್ಕ್ ಆಗಿ 30ನೇ ಕ್ಲಾಸಿನಲ್ಲಿ ಹಾಕಿದ್ದೇವೆ.

ಒತ್ತಕ್ಷರ ಸರ್, ನೀವು ಹೇಳಿದ ಹಾಗೆ ಕಾಗದದ ಮೇಲೆ ದೊಡ್ಡದಾಗಿ ಬರೆದು ಅತ್ತೆಗೆ ತೋರಿಸಿದೆ. ಏನೂ ಹೇಳಲಿಲ್ಲ, ಪೆನ್ ತೆಗೆದುಕೊಂಡು ಪುಟ್ಟ ಜ ವನ್ನು ಇನ್ನೂ ಸ್ವಲ್ಪ ಹತ್ತಿರಕ್ಕೆ ಬರೆದರು, ದೊಡ್ಡದಕ್ಕೆ ತಾಗುವ ಹಾಗೆ. ಅದನ್ನೇ ಇಟ್ಟುಕೊಂಡಿದ್ದೇವೆ. ಬಾಲೂ ತಮ್ಮದಲ್ಲಿ ಟೈಪ್ ಮಾಡಿ, ನಮ್ಮ ಬೀದಿಯ ಡಿಸೈನ್ ಓದುವ ಹುಡುಗನಿಂದ ಒತ್ತನ್ನು ಬೇರೆಯಾಗಿ ಬರೆಸಿ, ವೆಕ್ಟರ್ ಮಾಡಿಸಿದ್ದೇನೆ. 4 ಸಾವಿರ ಆಯಿತು. ಹಕ್ಕಿನ ಕಾಗದಕ್ಕೂ ಸಹಿ ಹಾಕಿಸಿಕೊಂಡೆ. ಕೆಂಪು ಬಣ್ಣ ಟೂಲ್‌ನಲ್ಲೇ ತೆಗೆದದ್ದು, ತಾರಸಿಯಲ್ಲಿ ಒಣಹಾಕಿದ ಮೆಣಸಿನಕಾಯಿಯ ಫೋಟೋದಿಂದ.

ನಿನ್ನೆ ಪ್ರೂಫ್ ಬಂತು. 200 ಗ್ರಾಂ ಪೌಚ್ ಮೇಲೆ ತುಂಬಾ ಚೆನ್ನಾಗಿದೆ. ಆದರೆ 50 ಗ್ರಾಂ ಪೊಟ್ಟಣದ ಸ್ಟಿಕ್ಕರ್‌ನಲ್ಲಿ ಹೆಸರು 2 ಸೆಂಟಿಮೀಟರ್ ಅಗಲ ಅಷ್ಟೇ ಬರುತ್ತದೆ, ಅಲ್ಲಿ ಪುಟ್ಟ ಜ ಒಳಗಿನ ಖಾಲಿ ಜಾಗ ಮುಚ್ಚಿಹೋಗಿ ಒಂದು ಕೆಂಪು ಚುಕ್ಕೆ ಆಗಿದೆ. ಪೂರ್ತಿ ಲೋಗೋ ದೊಡ್ಡದು ಮಾಡಲು ಜಾಗವಿಲ್ಲ, ಹಸಿರು ಗುರುತು, ಎಫ್‌ಎಸ್‌ಎಸ್‌ಎಐ 14 ಅಂಕಿ, ಎಂಆರ್‌ಪಿ, ತೂಕ, ತಾರೀಕು ಎಲ್ಲಾ ಅದರಲ್ಲೇ ಹಿಡಿಸಬೇಕು. ಏನು ಮಾಡಲಿ?

ಒತ್ತಕ್ಷರ

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ತಾಗಿಸಿದ್ದು ಸರಿಯಾಗಿದೆ, ಅದನ್ನು ಬಿಡಬೇಡಿ.

ಸಣ್ಣ ಅಳತೆಗೆ ಅದೇ ಫೈಲನ್ನು ಕುಗ್ಗಿಸಬಾರದು, ಬೇರೆಯೇ ಬರೆಯಬೇಕು. ಹಳೇ ಅಚ್ಚುಮೊಳೆಯ ಕಾಲದಲ್ಲಿ ಪ್ರತಿ ಅಳತೆಗೂ ಮೊಳೆ ಬೇರೆ ಕೊರೆಯುತ್ತಿದ್ದರು. ಆ ಹುಡುಗನಿಗೆ ಹೇಳಿ: ಚಿಕ್ಕ ಸ್ಟಿಕ್ಕರ್‌ಗೆ ಬಾಲೂ ತಮ್ಮದ ದಪ್ಪವನ್ನು ಒಂದೆರಡು ಹಂತ ಇಳಿಸಲಿ, ಪುಟ್ಟ ಜ ವನ್ನು ಈಗಿರುವುದಕ್ಕಿಂತ ಕಾಲು ಭಾಗ ದೊಡ್ಡದು ಮಾಡಲಿ, ಒಳಗಿನ ಖಾಲಿ ಜಾಗ ಸ್ವಲ್ಪ ಅತಿಯಾಯಿತು ಅನಿಸುವಷ್ಟು ತೆರೆಯಲಿ. ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದರೆ ವಿಚಿತ್ರವಾಗಿ ಕಾಣುತ್ತದೆ, ಹೆದರಬೇಡಿ. 2 ಸೆಂಟಿಮೀಟರ್‌ಗೆ ಪ್ರಿಂಟ್ ತೆಗೆದು ತೋಳು ಚಾಚಿದಷ್ಟು ದೂರ ಹಿಡಿದು ನೋಡಿ.

ಪ್ರೆಸ್_ಸುಲ್ತಾನ್‌ಪೇಟೆ

ಹೌದು ಮೇಡಂ. ಚಿಕ್ಕದರಲ್ಲಿ ಇಂಕು ಸ್ವಲ್ಪ ಹರಡುತ್ತದೆ, ಜಾಗ ಬಿಟ್ಟೇ ಬರೆಸಿ. ನಿಮ್ಮ ಪ್ರೆಸ್‌ನವರಿಗೆ ಹೊಳಪಿನ ಸ್ಟಿಕ್ಕರ್ ಬದಲು ಮ್ಯಾಟ್‌ನಲ್ಲೂ ಒಂದು ಪ್ರೂಫ್ ತೆಗೆಯಲು ಹೇಳಿ, ಪುಡಿ ಕೈಯಲ್ಲಿ ಮುಟ್ಟಿದರೆ ಹೊಳಪಿನ ಮೇಲೆ ಬೆರಳಿನ ಗುರುತು ಜಾಸ್ತಿ ಕಾಣುತ್ತದೆ. ಆಮೇಲೆ ಸಾವಿರಕ್ಕೆ ಆರ್ಡರ್ ಕೊಡಿ.